ಕೊಬ್ಬರಿ ಹೊಸ್ತಿಲಲ್ಲಿದ್ದಾಗ

ಕಂಪ್ಲಿ
೧೨ ಜೂನ್ ೨೦೦೫

ಈಶ್ವರ ಭಾವ,

ನಿನ್ನ ನಡೆಯನ್ನು ನಾನು ಒಪ್ಪುವುದಿಲ್ಲ. ಕ್ಷೇಮ ಸಮಾಚಾರ ಆಮೇಲೆ.

ನಮ್ಮ ಇಸ್ಪೀಟಿನಂಥ ಆಟದಲ್ಲಿ ನಾನು ಬೆಂಕಿಯ ಎಲೆ ಇಟ್ಟದ್ದು ನಿನ್ನ ಆನೆಯ ಎಲೆಯ ಮೇಲೆ. ನೀನು ಅದಕ್ಕೆ ಉತ್ತರವಾಗಿ, ಆನೆಯನ್ನು ಕೈಗೆ ಹಿಂತೆಗೆದುಕೊಳ್ಳುವ ಎಲೆ ಇಟ್ಟೆ. ಅಲ್ಲಿಯವರೆಗೆ ಸರಿ. ಆದರೆ ಅದೇ ಕಾಗದದಲ್ಲಿ ‘ಆನೆ ನನ್ನ ಕೈಯಲ್ಲಿದೆ, ಗುರಿಯಿಲ್ಲದ ನಿನ್ನ ಬೆಂಕಿ ಆರಿಹೋಯಿತು’ ಎಂದು ತೀರ್ಪನ್ನೂ ಬರೆದುಬಿಟ್ಟೆ. ನಿನ್ನ ಉತ್ತರಕ್ಕೆ ನಾನು ಮತ್ತೊಂದು ಉತ್ತರ ಕೊಡಬಹುದಿತ್ತಲ್ಲ? ಎದುರುಬದುರು ಕೂತಾಗ ಸುಮ್ಮನಿದ್ದರೆ ಒಪ್ಪಿದ ಹಾಗೆ. ಮುಖ ನೋಡಿದರೆ ತಿಳಿಯುತ್ತದೆ. ಕಾಗದಕ್ಕೆ ಮುಖವಿಲ್ಲ. ಅದಕ್ಕೇ ಅಲ್ಲವೇ ನಾವು ಅಂಚೆಯ ಆಟಕ್ಕೆ ಬೇರೆ ನಿಯಮ ಮಾಡಿಕೊಂಡದ್ದು? ಎದುರಿನವರು ‘ನಡೆಯಲಿ’ ಎಂದು ಬರೆದು ಕಳಿಸುವವರೆಗೆ ಯಾವ ಎಲೆಯೂ ನಡೆಯುವುದಿಲ್ಲ.

ಹಂಪಿಯ ಲಾಜಿನಲ್ಲಿ ನೀನು ಕೆಲಸಕ್ಕಿದ್ದಾಗ ಯಾರೋ ಪ್ರವಾಸಿ ಈ ಎರಡು ಕಟ್ಟು ಚಿತ್ರದ ಎಲೆಗಳನ್ನು ಕೋಣೆಯಲ್ಲೇ ಬಿಟ್ಟುಹೋದ. ನೀನು ಡಿಗ್ರಿ ಓದಲು ನಮ್ಮ ಮನೆಯಲ್ಲಿದ್ದ ದಿನಗಳಲ್ಲಿ ಇಬ್ಬರೂ ಸೇರಿ ಆ ಆಟ ಕಲಿತೆವು. ಇಂಗ್ಲಿಷಿನ ನಿಯಮ ಪುಸ್ತಿಕೆ ಈಗ ನನ್ನ ಹತ್ತಿರವಿದೆ. ನೀನು ನೆನಪಿನಿಂದ ಆಡುತ್ತೀಯ. ನಾನು ಓದಿ ಆಡುತ್ತೇನೆ.

ಇನ್ನೊಂದು ವಿಷಯ. ಹೊಸಪೇಟೆಯಿಂದ ನನಗೆ ಸಂಬಂಧ ಬಂದಿದೆ. ರೇವಣಸಿದ್ದ ಎಂದು ಹೆಸರು. ಟಿಪ್ಪರ್‌ಗಳಿವೆ, ನಿಮ್ಮ ಗುಡ್ಡದ ಅದಿರನ್ನೇ ಸಾಗಿಸುತ್ತಾರಂತೆ. ಬಹಳ ಅವಸರದಲ್ಲಿದ್ದಾರೆ. ಅವ್ವ ಊಟಕ್ಕೆ ಬಡಿಸುತ್ತ ನಿಮ್ಮವ್ವನ ಹೆಸರೆತ್ತಿ, “ಮೊದ್ಲು ಹಂಪಮ್ಮನ ಮನಿಗೆ ಕೊಬ್ಬರಿ ಹೋಗ್ಲಿ. ಸೋದರತ್ತಿ ಮನಿಗೆ ಕೇಳ್ದ ಹೊರಗ ಹೆಣ್ಣು ಕೊಡೋದು ನಮ್ಮಾಗ ಇಲ್ಲ” ಎಂದಳು.

ಅಪ್ಪ, “ಅಕ್ಕಗ ಆಸೆ ಇದ್ದಿದ್ರ ಇಷ್ಟೊತ್ತಿಗೆ ಬಾಯಿ ಬಿಟ್ಟು ಕೇಳ್ತಿದ್ಳು. ಈಶ್ವರಗೂ ಬಾಯಿ ಐತಿಲ್ಲ?” ಎಂದ.

“ಅದರ ಬಾಯಿ ನಿನಗ್ಗೊತ್ತಿಲ್ಲೇನು, ಊಟಕ್ಕ ಮಾತ್ರ ತೆರಿತೈತಿ,” ಎಂದಳು ಕಾವ್ಯ. ನನ್ನ ತಂಗಿಗೆ ನಿನ್ನನ್ನು ಆಡಿಕೊಳ್ಳುವುದೆಂದರೆ ಹಬ್ಬ.

ಫೋನ್ ಮಾಡಬೇಡ, ಅದು ನಮ್ಮ ಮಿಲ್ಲಿನಲ್ಲಿ ಅಪ್ಪ ಕೂರುವ ಗಲ್ಲಾಪೆಟ್ಟಿಗೆಯ ಪಕ್ಕದಲ್ಲೇ ಇದೆ. ಬರೆ.

ತ್ರಿವೇಣಿ

—

ಸಂಡೂರು ಗುಡ್ಡ
೨೦ ಜೂನ್ ೨೦೦೫

ತ್ರಿವೇಣಿ,

ತಪ್ಪು ನನ್ನದೇ. ತೀರ್ಪನ್ನು ಹಿಂದಕ್ಕೆ ತೆಗೆದುಕೊಂಡೆ. ಈಗ ಅವಕಾಶ ನಿನ್ನದು.

ಆದರೆ ಕ್ರಮ ಮರೆಯಬೇಡ. ನಿಮ್ಮ ಮಿಲ್ಲಿನಲ್ಲಿ ಚೀಲ ಒಟ್ಟುತ್ತಾರಲ್ಲ, ಹಾಗೆ. ಕೊನೆಗೆ ಇಟ್ಟದ್ದು ಮೊದಲು ಇಳಿಯುತ್ತದೆ. ತಳದಲ್ಲಿ ನಿನ್ನ ಬೆಂಕಿ ಇದೆ, ಅದರ ಮೇಲೆ ನನ್ನ ಎಲೆ. ನೀನು ಮತ್ತೊಂದು ಇಟ್ಟರೆ ಅದು ಎಲ್ಲಕ್ಕಿಂತ ಮೇಲೆ ಕೂರುತ್ತದೆ. ಇಬ್ಬರೂ ಸಾಕು ಎಂದ ಮೇಲೆ ಮೇಲಿನಿಂದ ಒಂದೊಂದೇ ಇಳಿಸಬೇಕು. ಅದಕ್ಕೇ ನಾನು ತಡವಾಗಿ ಆಡುವುದು. ಕೊನೆಗೆ ಮಾತಾಡಿದವನ ಮಾತು ಮೊದಲು ನಡೆಯುವ ಜಾಗ ನನಗೆ ಗೊತ್ತಿರುವ ಮಟ್ಟಿಗೆ ಇದೊಂದೇ. ಕೈಯಲ್ಲಿರುವುದನ್ನು ಬೇಗ ತೋರಿಸಿದರೆ ಎದುರಾಳಿ ತನ್ನ ದಾರಿ ಬದಲಿಸುತ್ತಾನೆ. ಅವನು ಎಲ್ಲ ಇಟ್ಟು ಮುಗಿಸುವವರೆಗೆ ಕಾಯಬೇಕು.

ನನ್ನ ಕೋಣೆಯಲ್ಲಿರುವ ಹೊನ್ನೂರುಸ್ವಾಮಿ ಮಣ್ಣೆತ್ತುವ ಯಂತ್ರ ಓಡಿಸುತ್ತಾನೆ. ನಾನು ಎಲೆಗಳನ್ನು ಮಂಚದ ಮೇಲೆ ಹರಡಿ ಕೂತರೆ ಅವನಿಗೆ ತಡೆಯಲಾಗುವುದಿಲ್ಲ. “ಅಲ್ರೀ, ಇಸ್ಪೀಟ್ ಆಡಾಕ ಪೋಸ್ಟ್‌ಮ್ಯಾನ್ ಯಾಕ ಬೇಕ್ರಿ? ಒಂದ್ ಎಲಿ ಇಳಿಯೋದ್ರಾಗ ಇಲ್ಲಿ ಒಂದ್ ಗುಡ್ಡಾನ ಇಳೀತೈತಿ” ಎನ್ನುತ್ತಾನೆ. ಅವನ ಮಾತು ಸುಳ್ಳಲ್ಲ.

ರೇವಣಸಿದ್ದರ ಟಿಪ್ಪರ್‌ಗಳು ನನ್ನ ತೂಕದ ಕಾಟಾದ ಮೇಲೆಯೇ ಹಾದುಹೋಗುತ್ತವೆ. ಅವರ ಡ್ರೈವರ್‌ಗಳು ಧಣಿಯನ್ನು ಬೈಯುವುದನ್ನು ನಾನು ಕೇಳಿಲ್ಲ. ಇಲ್ಲಿ ಅದು ಅಪರೂಪ. ಸಂಬಂಧ ಒಳ್ಳೆಯದೇ ಇರಬಹುದು. ನಿನಗೆ ಏನನ್ನಿಸಿತು ಎಂದು ನೀನು ಬರೆಯಲಿಲ್ಲ.

ಈಶ್ವರ

—

ಕಂಪ್ಲಿ
೨೭ ಜೂನ್ ೨೦೦೫

ಈಶ್ವರ ಭಾವ,

‘ಒಳ್ಳೆಯದೇ ಇರಬಹುದು’ ಎಂದು ಬರೆದು, ಅದರ ಮುಂದಿನ ಸಾಲಿನಲ್ಲಿ ನನಗೆ ಏನನ್ನಿಸಿತು ಎಂದು ಕೇಳುತ್ತೀಯ. ಇದೂ ತೀರ್ಪು ಬರೆದು ಅವಕಾಶ ಕೊಟ್ಟ ಹಾಗೆಯೇ. ಇರಲಿ.

ಬೆಂಕಿ ಆರಲಿ. ನಿನ್ನ ಆನೆಯನ್ನು ನೀನು ಇಟ್ಟುಕೋ, ನನ್ನ ಕಡೆಯಿಂದ ನಡೆಯಲಿ. ಈ ಸರದಿಯಲ್ಲಿ ಗೂಬೆಯನ್ನು ಇಡುತ್ತಿದ್ದೇನೆ. ಅದು ಉಳಿದರೆ ಪ್ರತಿ ಸರದಿಗೂ ನಿನ್ನ ಕೈಯ ಒಂದು ಎಲೆಯನ್ನು ನೀನು ನನಗೆ ತೋರಿಸಬೇಕು. ನಿನಗೆ ಇಷ್ಟವಾಗುವುದಿಲ್ಲ ಎಂದು ಗೊತ್ತು.

ಕೊಬ್ಬರಿ ಕಳಿಸಲು ಅಪ್ಪ ಕೊನೆಗೂ ಒಪ್ಪಿದ. ಹೇಗೆ ಒಪ್ಪಿದ ಎನ್ನುವುದು ದೊಡ್ಡ ಕಥೆ, ಬೇಡ. ಜುಲೈ ಹನ್ನೊಂದರ ಸೋಮವಾರ ಅವನೇ ಬೆಲ್ಲ, ಕೊಬ್ಬರಿ ಬಟ್ಟಲು ತೆಗೆದುಕೊಂಡು ಮಲಪನಗುಡಿಗೆ ನಿಮ್ಮ ಮನೆಗೆ ಹೋಗುತ್ತಾನೆ. ಹೊಸ್ತಿಲ ಮೇಲಿಟ್ಟು ಕೇಳುತ್ತಾನೆ. ಹಂಪಮ್ಮತ್ತೆ ಅದನ್ನು ಮುಟ್ಟದೆ ಹಿಂದಕ್ಕೆ ಕಳಿಸಿದರೆ ಹೆಣ್ಣು ನಮ್ಮದು ಎಂದ ಹಾಗೆ. ಸೆರಗಿನಲ್ಲಿ ತೆಗೆದುಕೊಂಡರೆ ಹಕ್ಕು ಬಿಟ್ಟ ಹಾಗೆ. ಇದು ನಿನಗೂ ಗೊತ್ತು. ಗುಡ್ಡದ ಮೇಲಿದ್ದು ಮರೆತಿರಬಹುದು ಎಂದು ಬರೆದೆ.

ನೀನು ಕೇಳಿದ್ದಕ್ಕೆ ಉತ್ತರ: ರೇವಣಸಿದ್ದ ಒಳ್ಳೆಯವರೇ. ಹೆಣ್ಣು ನೋಡಲು ಬಂದಾಗ ನನ್ನನ್ನು ಏನು ಓದಿದ್ದೀ ಎಂದು ಕೇಳಲಿಲ್ಲ, ಏನು ಇಷ್ಟ ಎಂದು ಕೇಳಿದರು. ಎಲೆ ಆಟ ಎಂದರೆ ಅವರು ಏನು ತಿಳಿದುಕೊಳ್ಳುತ್ತಿದ್ದರೋ.

ನಿನಗೆ ಹೇಳುವುದೇನಾದರೂ ಇದ್ದರೆ ಅತ್ತೆಗೆ ಮೊದಲೇ ಹೇಳು. ಕೊಬ್ಬರಿ ಹೊಸ್ತಿಲಲ್ಲಿ ಇರುವಷ್ಟು ಹೊತ್ತು ಮಾತ್ರ ಅದಕ್ಕೆ ಸಮಯ. ಹೇಳುವುದಿಲ್ಲದಿದ್ದರೆ ಅದನ್ನಾದರೂ ಬರೆ.

ತ್ರಿವೇಣಿ

—

ಸಂಡೂರು ಗುಡ್ಡ
೨ ಜುಲೈ ೨೦೦೫

ತ್ರಿವೇಣಿ,

ನಿನ್ನ ಗೂಬೆ ನಡೆಯಲಿ. ತೋರಿಸಬೇಕಾದ ಎಲೆಯನ್ನು ನಾನೇ ಆರಿಸಬಹುದು ಎಂದು ನನ್ನ ನೆನಪು, ಪುಸ್ತಿಕೆ ನೋಡು. ನಾನು ತೋರಿಸುವುದು ‘ಮುಳ್ಳುಬೇಲಿ’. ಉಳಿದವು ಕೈಯಲ್ಲೇ ಇರಲಿ, ಸರದಿ ನಿನ್ನದು.

ಕೊಬ್ಬರಿಯ ವಿಷಯ. ಮಾವ ತಾನಾಗಿ ಹೊತ್ತು ತಂದದ್ದನ್ನು ಹೊಸ್ತಿಲಿನಿಂದ ಹಿಂದಕ್ಕೆ ಕಳಿಸುವುದು ಚೆನ್ನಾಗಿರುವುದಿಲ್ಲ. ನಿಮ್ಮ ಮನೆಯ ಅನ್ನ ತಿಂದು ಓದಿದವನು ನಾನು. ಅವ್ವ ತೆಗೆದುಕೊಳ್ಳಲಿ. ಅದರಿಂದ ಏನೂ ಮುಗಿಯುವುದಿಲ್ಲ. ಎಲ್ಲದಕ್ಕೂ ಅದರದರ ಸಮಯ ಇರುತ್ತದೆ. ನೀನು ಆತುರಪಡಬೇಡ.

ಇಲ್ಲಿ ಮಳೆ ಇಲ್ಲ. ಲಾರಿಗಳ ಸಾಲು ಕಾಟಾದಿಂದ ಕೆಳಗಿನ ತಿರುವಿನವರೆಗೆ ನಿಂತಿದೆ. ಸ್ವಲ್ಪ ದಿನ ಬರೆಯದಿದ್ದರೆ ಕೆಲಸ ಎಂದು ತಿಳಿ.

ಈಶ್ವರ

—

ಕಂಪ್ಲಿ
೯ ಆಗಸ್ಟ್ ೨೦೦೫

ಈಶ್ವರ ಭಾವನಿಗೆ,

ಸ್ವಲ್ಪ ದಿನ ಎಂದಿದ್ದೆ. ನಾನೂ ಬರೆಯಲಿಲ್ಲ.

ಮಲಪನಗುಡಿಯಿಂದ ಬಂದು ಅಪ್ಪ ಹೇಳಿದ್ದನ್ನು ಹಾಗೇ ಬರೆಯುತ್ತೇನೆ. “ಅಕ್ಕ ಪಕ್ಕದ ಮನಿಗೆ ಹೋಗಿ ಬಂದು ಸೆರಗೊಡ್ಡಿ ತಗೊಂಡ್ಳು. ಒಳಗ ಇಟ್ ಬರ್ತೀನಿ ಅಂತ ಹೋದಾಕಿ ಭಾಳ ಹೊತ್ತು ಬರ್ಲೇ ಇಲ್ಲ. ನಾನೊಬ್ಬನ ಕಟ್ಟಿ ಮ್ಯಾಲ ಕುಂತು ಚಾ ಕುಡದು ಬಂದೆ.” ಅವ್ವ ರೊಟ್ಟಿ ಬಡಿಯುವ ಸದ್ದು ಜೋರಾಯಿತು.

ಆಮೇಲೆ ಎಲ್ಲ ಬೇಗ ನಡೆಯಿತು. ರೇವಣಸಿದ್ದರಿಗೆ ಒಬ್ಬ ತಮ್ಮ ಇದ್ದಾನೆ. ಕಾವ್ಯಳನ್ನು ಅವನಿಗೆ ಕೇಳಿದರು. ಅವಳು ಒಪ್ಪಿದ್ದಾಳೆ, ಒಪ್ಪಿದ್ದಕ್ಕಿಂತ ಹೆಚ್ಚು. ಅವನ ಫೋಟೋವನ್ನು ಕನ್ನಡಿಯ ಚೌಕಟ್ಟಿನಲ್ಲಿ ಸಿಕ್ಕಿಸಿ, “ಹೆಂಗದಾನ? ಈಶ್ವರ ಭಾವನಷ್ಟು ಮುಖ ಗಂಟಿಲ್ಲ, ಅಲ್ಲಾ?” ಎಂದು ಎಲ್ಲರನ್ನೂ ಕೇಳುತ್ತಾಳೆ. ಅಕ್ಕತಂಗಿಯರಿಬ್ಬರ ನಿಶ್ಚಯವೂ ಒಂದೇ ದಿನ, ಆಗಸ್ಟ್ ಇಪ್ಪತ್ತೆಂಟು, ಇಲ್ಲೇ ನಮ್ಮ ಮನೆಯಲ್ಲಿ. ಹಿರಿಯಳದ್ದು ಆಗದೆ ಕಿರಿಯಳದ್ದು ಇಲ್ಲವಾದ್ದರಿಂದ ನನ್ನದು ಮೊದಲು.

ಆಟದಲ್ಲಿ ನನ್ನ ಸರದಿ. ಏನೂ ಇಡುವುದಿಲ್ಲ. ಸರದಿ ದಾಟಿಸುತ್ತೇನೆ.

ತ್ರಿವೇಣಿ

—

ಸಂಡೂರು ಗುಡ್ಡ
೧೬ ಆಗಸ್ಟ್ ೨೦೦೫

ತ್ರಿವೇಣಿ,

ಈ ಕಾಗದವನ್ನು ಒಬ್ಬಳೇ ಇದ್ದಾಗ ಓದು.

ಆಗಸ್ಟ್ ಇಪ್ಪತ್ತೆಂಟಕ್ಕೆ ನಾನು ಬರುತ್ತೇನೆ. ತಾಂಬೂಲ ಬದಲಾಯಿಸುವ ಮೊದಲು ಹಿರಿಯರು ‘ಯಾರದಾದರೂ ಏನಾದರೂ ಮಾತಿದೆಯೇ’ ಎಂದು ಕೇಳುತ್ತಾರಲ್ಲ, ಆಗ ಎದ್ದು ನಿಲ್ಲುತ್ತೇನೆ. ಹೆಣ್ಣು ನಮ್ಮ ಸೋದರಿಕೆಯದು, ನಾನು ಕೇಳುತ್ತಿದ್ದೇನೆ ಎನ್ನುತ್ತೇನೆ. ಇದನ್ನು ಮೊದಲೇ ಯೋಚಿಸಿದ್ದೆ. ನಮ್ಮ ದೊಡ್ಡಪ್ಪ ಉಚ್ಚೆಂಗಪ್ಪ ಹೀಗೆಯೇ ನಿಶ್ಚಯದ ದಿನ ಎದ್ದು ನಿಂತು ದೊಡ್ಡವ್ವನನ್ನು ಮಾಡಿಕೊಂಡದ್ದು. ಊರಿನವರೆಲ್ಲ ಅದನ್ನು ಇವತ್ತಿಗೂ ಹೇಳುತ್ತಾರೆ.

ಯಾಕೆ ಮೊದಲೇ ಹೇಳಲಿಲ್ಲ ಎಂದು ಕೇಳುತ್ತೀಯ. ಆಗ ನಾನು ಕಂಟ್ರಾಕ್ಟರನ ಕಾಟಾದ ಗುಮಾಸ್ತ. ಹೊನ್ನೂರುಸ್ವಾಮಿಯ ಜೊತೆ ತಗಡಿನ ಕೋಣೆಯಲ್ಲಿ ಮಲಗುವವನು. ದೋಣಿಮಲೈಯ ಸರ್ಕಾರಿ ಗಣಿಯಲ್ಲಿ ಕಾಯಂ ಕೆಲಸಕ್ಕೆ ಸಂದರ್ಶನ ಕೊಟ್ಟು ಬಂದಿದ್ದೆ, ಉತ್ತರ ಬಂದಿರಲಿಲ್ಲ. ಆಗಲೇ ಕೇಳಿದ್ದರೆ ಮಾವ, ಎಲ್ಲಿಡುತ್ತೀ ನನ್ನ ಮಗಳನ್ನು ಎಂದು ಕೇಳುತ್ತಿದ್ದ. ನನ್ನ ಹತ್ತಿರ ಜಾಗವಿರಲಿಲ್ಲ. ಮೊನ್ನೆ ಆದೇಶ ಬಂತು. ಟೌನ್‌ಶಿಪ್‌ನಲ್ಲಿ ಎರಡು ಕೋಣೆಯ ಮನೆ. ಹೋಗಿ ನೋಡಿ ಬಂದೆ. ಅಡುಗೆಮನೆಯ ಕಿಟಕಿ ಪೂರ್ವಕ್ಕಿದೆ.

ಕೊಬ್ಬರಿಯ ದಿನ ಅವ್ವ ಪಕ್ಕದ ಮನೆಯಿಂದ ಕಂಟ್ರಾಕ್ಟರನ ಆಫೀಸಿಗೆ ಫೋನ್ ಮಾಡಿದ್ದಳು. “ತಮ್ಮ ಹೊರಗ ಕುಂತಾನ. ಏನ್ ಮಾಡ್ಲೋ? ಈಗ ಹೇಳು, ಮುಟ್ಟಲೋ ಬ್ಯಾಡೋ?” ಎಂದಳು. ಆಫೀಸಿನಲ್ಲಿ ಐದಾರು ಮಂದಿ ಇದ್ದರು. ಹೊನ್ನೂರುಸ್ವಾಮಿ ಬಾಗಿಲಲ್ಲಿ ನಿಂತು, “ಏನ್ರೀ, ಹೆಣ್ಣಿನ ಕಡಿಯೋರೇನ್ರೀ?” ಎಂದು ಕಣ್ಣು ಹೊಡೆದ. “ತಗೋ ಅವ್ವ” ಎಂದೆ. ಅವಳು ಮತ್ತೊಮ್ಮೆ ಕೇಳಿದಳು. ಮತ್ತೊಮ್ಮೆ ಅದನ್ನೇ ಹೇಳಿದೆ. ನನ್ನ ಲೆಕ್ಕದಲ್ಲಿ ಅದು ಮಾವ ಎಲೆ ಇಟ್ಟದ್ದು ಮಾತ್ರ. ನಡೆಯುವುದು ನಿಶ್ಚಯದ ದಿನ. ಮಧ್ಯದಲ್ಲಿ ಉತ್ತರಕ್ಕೆ ಸಮಯವಿದೆ.

ನಿನಗೂ ಹೇಳದೆ ಇದ್ದದ್ದು ಯಾಕೆಂದರೆ, ನಿನ್ನ ಮುಖ ನೋಡಿದರೆ ನಿಮ್ಮವ್ವನಿಗೆ ತಿಳಿಯುತ್ತದೆ, ಅವಳಿಂದ ಮಾವನಿಗೆ. ಮತ್ತೆ, ನೀನು ಬೇಡ ಎನ್ನಬಹುದು ಎಂಬ ಅಳುಕೂ ಇತ್ತು. ಎಲ್ಲರೆದುರು ಕೇಳಿದರೆ ನೀನು ಬೇಡ ಎನ್ನಲಾರೆ ಎಂದುಕೊಂಡಿದ್ದೆನೇ ಎಂದು ಈಗ ನನ್ನನ್ನೇ ಕೇಳಿಕೊಳ್ಳುತ್ತಿದ್ದೇನೆ. ಗೊತ್ತಿಲ್ಲ.

ನನ್ನ ಕೈಯಲ್ಲಿ ಇದ್ದದ್ದು ಇಷ್ಟೇ. ಬರಲೇ?

ಈಶ್ವರ

—

ಕಂಪ್ಲಿ
೨೧ ಆಗಸ್ಟ್ ೨೦೦೫

ಈಶ್ವರ,

ಬರಬೇಡ.

ಉಚ್ಚೆಂಗಪ್ಪ ದೊಡ್ಡಪ್ಪನ ಕಥೆಯನ್ನು ಅವ್ವನ ಹತ್ತಿರ ಬೇರೆ ನೆಪದಿಂದ ಕೇಳಿದೆ. ಅವರ ಮನೆಗೆ ಕೊಬ್ಬರಿ ಹೋಗಿರಲೇ ಇಲ್ಲ. ಜಗಳವಿತ್ತು, ಹೆಣ್ಣಿನ ಕಡೆಯವರು ಕೇಳದೆಯೇ ನಿಶ್ಚಯ ಇಟ್ಟುಕೊಂಡಿದ್ದರು. ಕೇಳದೆ ಇದ್ದುದರಿಂದ ದೊಡ್ಡಪ್ಪನಿಗೆ ಎದ್ದು ನಿಲ್ಲುವ ಹಕ್ಕು ಉಳಿದಿತ್ತು. ನಿನ್ನನ್ನು ಕೇಳಿದ್ದಾಯಿತು, ಒಂದಲ್ಲ, ಎರಡು ಸಲ. ಊರಿನವರು ಕಥೆಯ ಕೊನೆಯನ್ನು ಮಾತ್ರ ಹೇಳುತ್ತಾರೆ. ನೀನು ಕೊನೆಯನ್ನು ಮಾತ್ರ ಕೇಳಿಸಿಕೊಂಡೆ.

ಆದರೂ ನೀನು ಬಂದು ನಿಂತರೆ ಗದ್ದಲವಾಗಿ ನಿಶ್ಚಯ ನಿಲ್ಲಬಹುದು. ಅದು ನನಗೆ ಗೊತ್ತು. ನಿನ್ನ ಕಾಗದ ಬಂದ ದಿನ ಆ ಗದ್ದಲವನ್ನು ಮನಸ್ಸಿನಲ್ಲಿ ಪೂರ್ತಿ ನಡೆಸಿ ನೋಡಿದೆ. ಯಾರು ಎಲ್ಲಿ ಕೂತಿರುತ್ತಾರೆ, ನೀನು ಯಾವ ಅಂಗಿ ಹಾಕಿರುತ್ತೀಯ ಎನ್ನುವುದೂ ಸೇರಿ.

ಅಪ್ಪ ಕೊಬ್ಬರಿ ಕಳಿಸಲು ಹೇಗೆ ಒಪ್ಪಿದ ಎಂದು ನಾನು ಬರೆದಿರಲಿಲ್ಲ. ಅವನಿಗೆ ಇಷ್ಟವಿರಲಿಲ್ಲ, ಹೊಸಪೇಟೆಯವರಿಗೆ ಅವಸರ. ಅತ್ತೆಯ ಮನೆಗೆ ಕೇಳಲೇಬೇಕೆಂದು ಹಟ ಹಿಡಿದವಳು ನಾನು. ಅಪ್ಪ, “ಅವರು ತಗೊಂಡ್ರ? ಆಮ್ಯಾಲ ಅಳೋದು, ಒಲ್ಲೆ ಅನ್ನೋದು ನಡೆಯಾಂಗಿಲ್ಲ ನೋಡು” ಎಂದ. ತೆಗೆದುಕೊಂಡರೆ ಒಂದು ಮಾತೂ ಆಡದೆ ಹೊಸಪೇಟೆಗೆ ಹೂಂ ಎನ್ನುತ್ತೇನೆ ಎಂದು ದೇವರ ಮುಂದೆ ಅವನ ಕೈ ಮೇಲೆ ಕೈ ಇಟ್ಟು ಹೇಳಿದೆ. ಆ ಮಾತು ಕೊಟ್ಟಮೇಲೆಯೇ ಅವನು ಕೊಬ್ಬರಿ ಕೊಂಡದ್ದು.

ಮೊನ್ನೆ ಪುಸ್ತಿಕೆಯಲ್ಲಿ ಒಂದು ಪುಟ ಓದಿದೆ. ಕೆಲವು ಎಲೆಗಳನ್ನು ಇಡಬೇಕಾದರೆ ಮೊದಲು ನಮ್ಮದೇ ಏನನ್ನಾದರೂ ಕೊಟ್ಟು ಇಡಬೇಕು. ಎದುರಿನವರು ಎಲೆಯನ್ನು ತಡೆಯಬಹುದು, ಕೊಟ್ಟದ್ದನ್ನು ತಡೆಯಲಾಗದು. ಎಲೆ ನಡೆದರೂ ನಡೆಯದಿದ್ದರೂ ಕೊಟ್ಟದ್ದು ಹೋಯಿತು. ನಾವು ಆಡುವಾಗ ಇದನ್ನು ಸರಿಯಾಗಿ ಪಾಲಿಸಿರಲಿಲ್ಲ, ತಡೆದಾಗ ಎಲ್ಲವನ್ನೂ ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದೆವು.

ನಾನು ಕೊಟ್ಟ ಮಾತೊಂದೇ ಆಗಿದ್ದರೆ ಮುರಿದು ಬರುತ್ತಿದ್ದೆನೇನೋ. ಇದನ್ನು ಬರೆಯಬಾರದು, ಬರೆದೆ. ಆದರೆ ಈಗ ಕಾವ್ಯಳ ಮದುವೆಯೂ ಅದರ ಮೇಲೆ ಕೂತಿದೆ. ನನ್ನದನ್ನು ಎಳೆದರೆ ಅವಳದು ಬೀಳುತ್ತದೆ. ಅವಳು ಪಕ್ಕದ ಕೋಣೆಯಲ್ಲಿ ಬಳೆಯ ಅಳತೆ ನೋಡುತ್ತ ಹಾಡಿಕೊಳ್ಳುತ್ತಿದ್ದಾಳೆ.

‘ನೀನು ಬೇಡ ಎನ್ನಬಹುದು’ ಎಂದುಕೊಂಡೆ ಎಂದು ಬರೆದಿದ್ದೀಯ. ನಾನು ಅದೇ ಮಾತನ್ನು ನಿನ್ನ ಬಗ್ಗೆ ಅಂದುಕೊಂಡಿದ್ದೆ. ‘ಏನೂ ಮುಗಿಯುವುದಿಲ್ಲ’ ಎಂದು ನೀನು ಬರೆದದ್ದನ್ನು, ಮದುವೆಯಾದರೂ ಎಲೆ ಆಡುತ್ತಿರೋಣ ಎನ್ನುತ್ತಿದ್ದೀಯ ಎಂದು ಓದಿಕೊಂಡೆ.

ಅಡುಗೆಮನೆಯ ಕಿಟಕಿಯ ವಿಷಯ ಬರೆಯಬಾರದಿತ್ತು.

ತ್ರಿವೇಣಿ

—

ಸಂಡೂರು ಗುಡ್ಡ
೨೫ ಆಗಸ್ಟ್ ೨೦೦೫

ತ್ರಿವೇಣಿ,

ಬರುವುದಿಲ್ಲ.

ನಿಶ್ಚಯಕ್ಕೆ ಅವ್ವ ಬರುತ್ತಾಳೆ. ಅವಳಿಗೆ ನಾನು ಏನೂ ಹೇಳಿಲ್ಲ. ಅವಳೂ ನನ್ನನ್ನು ಕೇಳಿಲ್ಲ. ಕೊಬ್ಬರಿಯನ್ನು ಯಾರಿಗೂ ಹಂಚದೆ ಡಬ್ಬಿಯಲ್ಲಿಟ್ಟಿದ್ದಳು, ಇರುವೆ ಹತ್ತಿತು ಎಂದು ಮಾತ್ರ ಹೇಳಿದಳು.

ಮದುವೆಗೆ ನಾನು ಬರಲೇಬೇಕಾಗುತ್ತದೆ. ಬರದಿದ್ದರೆ ಜನ ಯಾಕೆ ಎನ್ನುತ್ತಾರೆ.

ಈಶ್ವರ

—

ಕಂಪ್ಲಿ
೧೬ ಜನವರಿ ೨೦೦೬

ಈಶ್ವರ ಭಾವ,

ಸಂಕ್ರಾಂತಿಗೆಂದು ತವರಿಗೆ ಬಂದಿದ್ದೇನೆ. ನಾಳೆ ಹೊಸಪೇಟೆಗೆ ಹೋಗುತ್ತೇನೆ. ಅಲ್ಲಿಂದ ಬರೆಯುವುದಿಲ್ಲ, ನೀನೂ ಅಲ್ಲಿಗೆ ಬರೆಯಬೇಡ. ಅಲ್ಲಿ ಕಾಗದಗಳನ್ನು ಯಾರೂ ಕದ್ದು ಓದುವುದಿಲ್ಲ. ಎದುರಿಗೇ ಕೂತು, ‘ಯಾರದು, ಓದಿ ಹೇಳು’ ಎನ್ನುತ್ತಾರೆ, ಪ್ರೀತಿಯಿಂದ.

ಮದುವೆಯ ದಿನದ ಒಂದು ವಿಷಯ ಹೇಳಬೇಕಿತ್ತು.

ನಮ್ಮನ್ನು ಕಾರಿನಲ್ಲಿ ಕೂರಿಸಿದ ಮೇಲೆ ಹೆಂಗಸರು ನಿನ್ನನ್ನು ಹುಡುಕಿದರು. ಹಾದಿ ಕಟ್ಟುವ ಶಾಸ್ತ್ರವೊಂದು ಇದೆ ಎಂದು ನನಗೆ ಆ ಹೊತ್ತಿನವರೆಗೆ ನೆನಪೇ ಇರಲಿಲ್ಲ. ಹೆಣ್ಣಿನ ಮೇಲೆ ಹಕ್ಕಿದ್ದೂ ಬಿಟ್ಟುಕೊಟ್ಟ ಸೋದರತ್ತೆಯ ಮಗ ಗಾಡಿಗೆ ಅಡ್ಡ ನಿಲ್ಲಬೇಕು. ಮದುಮಗ ಇಳಿದುಬಂದು ಹೆಗಲಿಗೆ ಟವೆಲ್ ಹಾಕಿ, ತೆಂಗಿನಕಾಯಿ ಕೊಟ್ಟು ಹಾದಿ ಬಿಡಿಸಿಕೊಳ್ಳಬೇಕು. ನಗುವುದಕ್ಕಾಗಿ ಮಾಡುವ ಶಾಸ್ತ್ರ. ಮುದುಕಮ್ಮಜ್ಜಿ ನಿನ್ನ ಬೆನ್ನಿಗೆ ಕೈ ಹಾಕಿ ದೂಡಿದಳು. “ಹೋಗಲೇ, ನಿಂದ್ರು! ಹೆಣ್ಣಂತೂ ಬಿಟ್ಟಿ, ಟವೆಲ್ಲರ ತಗೋ!”

ಗಾಜಿನ ತುಂಬ ಹೂವಿನ ಸರ ಇಳಿಬಿಟ್ಟಿದ್ದರು. ಅದರ ಸಂದಿಯಲ್ಲಿ ನೀನು ಕಾಣುತ್ತಿದ್ದೆ, ಅರ್ಧ. ನನ್ನ ಗಂಡ ಇಳಿದು ಹೋಗಿ ಟವೆಲ್ ಹಾಕಿದ, ಕಾಯಿ ಕೊಟ್ಟ. ನೀನು ಸರಿಯಬೇಕಿತ್ತು. ಸರಿಯಲಿಲ್ಲ.

ಮೊದಲು ಎಲ್ಲರೂ ಕೇಕೆ ಹಾಕಿದರು. “ಸಾಲಂಗಿಲ್ಲಂತ್ರೀ, ಇನ್ನೊಂದ್ ಹಾಕ್ರಿ! ಟಿಪ್ಪರ್ ಧಣಿ ಅದೀರಿ!” ಎಂದ ಯಾರೋ. ಇನ್ನೊಬ್ಬ, “ಈಶ್ವರಪ್ಪಾ, ಗಾಡೀನ ಬೇಕೇನೋ ಮತ್ತ?” ಎಂದ. ನನ್ನ ಗಂಡ ನಗುತ್ತ ತನ್ನ ಹೆಗಲ ಮೇಲಿದ್ದ ಟವೆಲ್ಲನ್ನೂ ತೆಗೆದು ನಿನಗೆ ಹಾಕಿದ. ಆಗಲೂ ನೀನು ಹಾಗೇ ನಿಂತಿದ್ದೆ. ಹಿಂದಿನ ಕಾರಿನಿಂದ ಕಾವ್ಯ ಹಾರನ್ ಹೊಡೆಸಿದಳು. ಆಮೇಲೆ ಹಂಪಮ್ಮತ್ತೆ ಬಂದು, ಸಣ್ಣ ಮಕ್ಕಳನ್ನು ರಸ್ತೆ ದಾಟಿಸುವ ಹಾಗೆ ನಿನ್ನ ಕೈ ಹಿಡಿದು ಪಕ್ಕಕ್ಕೆ ಕರೆದುಕೊಂಡು ಹೋದಳು.

ಅಷ್ಟು ಹೊತ್ತು ನಾನು ಕಾರಿನ ಬಾಗಿಲಿನ ಹಿಡಿಕೆಯ ಮೇಲೆ ಕೈ ಇಟ್ಟುಕೊಂಡಿದ್ದೆ. ನಿನಗೆ ಅದು ಕಂಡಿರಲಾರದು.

ನನ್ನ ಗಂಡ ಒಳ್ಳೆಯವ. ಮನೆಗೆ ಬಂದವರಿಗೆಲ್ಲ ಈಗಲೂ ಹೇಳುತ್ತಾನೆ: “ಇವರತ್ತಿ ಮಗ ಭಾಳ ಗಟ್ಟಿ ಮನಶ್ಯಾರೀ. ಎರಡು ಟವೆಲ್ ಇಸ್ಕೊಂಡ ಮ್ಯಾಲನ ಹಾದಿ ಬಿಟ್ಟ.” ಎಲ್ಲರೂ ನಗುತ್ತಾರೆ. ನಾನೂ ನಗುತ್ತೇನೆ. ಮೊದಲು ಸ್ವಲ್ಪ ತಡವಾಗುತ್ತಿತ್ತು, ಈಗ ಅವರ ಜೊತೆಗೇ ನಗಲು ಬರುತ್ತದೆ.

ಆ ಟವೆಲ್‌ಗಳನ್ನು ಬಳಸು. ಮಡಿಸಿ ಇಡಬೇಡ. ಬಿಳಿಯವು, ಅಲ್ಲಿಯ ಮಣ್ಣಿಗೆ ಬೇಗ ಕೆಂಪಾಗುತ್ತವೆ. ನಾಲ್ಕು ಸಲ ಒಗೆದ ಮೇಲೆ ಕಲ್ಲಿನ ಮೇಲೆ ಒಣಗುತ್ತಿರುವ ಬೇರೆಯವರ ಟವೆಲ್‌ಗಳ ಮಧ್ಯೆ ಅವು ಯಾವುವು ಎಂದು ನಿನಗೂ ಗೊತ್ತಾಗುವುದಿಲ್ಲ.

ತ್ರಿವೇಣಿ